ತಲೆಕೆಳಗಾದ ಸ್ಪ್ರಿಂಗು

ಬೀದಿಯವರೆಲ್ಲ ಸ್ಪ್ರಿಂಗಣ್ಣ ಎಂದು ಕರೆಯುವ ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಒಂದು ಕಟ್ಟಳೆಯಿದೆ. ಸ್ಪ್ರಿಂಗ್ ಅಮುಕುವ ಎರಡು ಸ್ಪ್ಯಾನರುಗಳಲ್ಲಿ ಒಂದನ್ನು ಕಾರಿನ ಯಜಮಾನನೇ ತಿರುಗಿಸಬೇಕು. ಡಾಕ್ಟರಾಗಲಿ, ಜಡ್ಜಾಗಲಿ, ತೋಳೇರಿಸಲೇಬೇಕು. "ನಿಮ್ಮ ಭಾರ ಹೊರೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಾಗ್ಲಿ" ಎಂಬುದು ಅವನ ವಾದ. ಇವತ್ತು ಆ ಕಟ್ಟಳೆ ಅವನ ಕುತ್ತಿಗೆಗೇ ಬಂತು. ಬಂದ ಕಾರು ಭಾವನದು.

ಭಾವ ಗಣಿತದ ಮೇಷ್ಟ್ರು. ಏಳು ವರ್ಷದ ಹಿಂದೆ ಇಲ್ಲೇ, ಯಾರದೋ ಕಾರು ನೋಡಿ, "ಸ್ಪ್ರಿಂಗ್ ತಲೆಕೆಳಗಾಗಿದೆಯಲ್ಲೋ" ಎಂದಿದ್ದರು. "ಸ್ಪ್ರಿಂಗಿಗೆ ತಲೆ ಯಾವುದು, ಕಾಲು ಯಾವುದು?" ಎಂದು ಇವನು ಗಿರಾಕಿಗಳೆದುರು ಗೇಲಿ ಮಾಡಿದ್ದ. ಅಂದಿನಿಂದ ಮಾತು ಬಂದ್. ಮರುವಾರವೇ ಆ ಕಾರು ಕಟಕಟ ಎನ್ನುತ್ತ ವಾಪಸು ಬಂದಿತ್ತು, ಆದರೆ ತಪ್ಪೊಪ್ಪಿಕೊಳ್ಳಲು ಇವನಿಗೆ ನಾಲಿಗೆ ಏಳಲಿಲ್ಲ. ಭಾವನ ಹರಟೆಯಿಲ್ಲದ ಭಾನುವಾರಗಳು ಏಳು ವರ್ಷ ಸಪ್ಪೆಯಾಗಿ ಕಳೆದಿದ್ದವು. ನಡುವೆ ಸಿಕ್ಕಿ ಸೊರಗಿದವಳು ಅಕ್ಕ. ಇಬ್ಬರೂ ಮಾತಾಡಿದರೆ ಸಾಕೆಂದು ಗಂಡನನ್ನು ಎಳೆದು ತಂದವಳೂ ಅವಳೇ.

ಶಾಕ್ ಅಬ್ಸಾರ್ಬರಿನ ಸುತ್ತ ಹೊಸ ಸ್ಪ್ರಿಂಗು ಕೂತಿತು. ಅದನ್ನು ಅಮುಕಿ ಹಿಡಿಯಲು ಎರಡೂ ಕಡೆ ಕೊಕ್ಕೆ, ಒಂದೊಂದಕ್ಕೆ ಒಂದು ಬೋಲ್ಟು. ಸರದಿಯಂತೆ ಅರ್ಧರ್ಧ ಸುತ್ತು ಬಿಗಿಯಬೇಕು. ಹೆಚ್ಚುಕಮ್ಮಿಯಾದರೆ ಸ್ಪ್ರಿಂಗು ಸೊಟ್ಟಗಾಗಿ ಹಾರುತ್ತದೆ.

"ಅಕ್ಕಾ, ನಿನ್ನ ಗಂಡನಿಗೆ ಅರ್ಧ ಸುತ್ತು ಅನ್ನು."

"ರೀ, ಅರ್ಧ ಸುತ್ತಂತೆ."

"ಆಯ್ತು ಅಂತ ನಿನ್ನ ತಮ್ಮನಿಗೆ ಹೇಳು."

ಇಬ್ಬರ ಮೂಗಿನ ನಡುವೆ ಇದ್ದದ್ದು ಒಂದು ಮೊಳ. ಅತ್ತಿತ್ತ ಕತ್ತು ತಿರುಗಿಸುತ್ತ, ಬೋಲ್ಟಿಗಿಂತ ಹೆಚ್ಚು ಸುತ್ತು ಅಕ್ಕನದೇ ಆಯಿತು.

ಭಾವ ಕನ್ನಡಕ ಏರಿಸಿದರು. "ಸ್ಪ್ರಿಂಗ್ ನೆಟ್ಟಗಿದೆಯಾ ಅಂತ ಕೇಳು ಅವನನ್ನ."

"ಈ ಸಲ ನೆಟ್ಟಗೇ ಇದೆ ಅಂತ ಹೇಳಕ್ಕಾ!"

ಹೇಳಿ ನಾಲಿಗೆ ಕಚ್ಚಿಕೊಂಡ. ಭಾವನ ಸ್ಪ್ಯಾನರ್ ನಿಂತಿತು.

"ಹಾಗಾದ್ರೆ ಆ ಸಲ?" ಎಂದು ಅವರು ಇವನನ್ನೇ ಕೇಳಿದರು.

"ತಲೆಕೆಳಗಾಗಿತ್ತು, ಭಾವ."

ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇವನಿಗೆ ನಿಜವಾಗಿ ಅಳುವೇ ಬಂತು. ಮೇಲಿನ ನಟ್ಟು ಬಿಗಿದು ಕೊಕ್ಕೆ ಕಳಚುವವರೆಗೂ ಇಬ್ಬರ ಬಾಯಿ ಮುಚ್ಚಲಿಲ್ಲ. ಆಮೇಲೆ ಭಾವ ಕೈ ಒರೆಸಿಕೊಂಡು, "ಇನ್ನೇನು, ಗಾಲಿ ಹಾಕಿಬಿಡು, ಹೊರಡ್ತೀವಿ" ಎಂದರು. ಇಷ್ಟು ಬೇಗ ಮುಗಿಯಿತೇ ಎಂದುಕೊಳ್ಳುತ್ತ ಇವನು ಗಾಲಿಯನ್ನು ಮೆಲ್ಲಗೆ ಉರುಳಿಸಿಕೊಂಡು ಬಂದ.

ಅಕ್ಕ ಮುಷ್ಟಿ ಬಿಚ್ಚಿದಳು. ನಟ್ಟಿನ ಕೆಳಗೆ ಕೂರಬೇಕಾದ ಬೇರಿಂಗ್! ಮಾತಿನ ಭರದಲ್ಲಿ ಇವನಿಗೆ ಅದರ ನೆನಪೇ ಆಗಿರಲಿಲ್ಲ.

"ನೀವು ಮಾತಾಡ್ದೇ ಮುಗಿಸಿಬಿಟ್ರೆ ಅಂತ ಎತ್ತಿಟ್ಕೊಂಡಿದ್ದೆ. ಇನ್ನೊಂದು ಸಲ ಬಿಚ್ಚಿ."

ಮತ್ತೆ ಕೊಕ್ಕೆ, ಮತ್ತೆ ಅರ್ಧರ್ಧ ಸುತ್ತು, ಮತ್ತೆ ಹರಟೆ. ಎಲ್ಲ ಬಿಗಿದ ಮೇಲೆ ಸ್ಪ್ರಿಂಗಣ್ಣ ತಲೆ ಕೆರೆದುಕೊಂಡ.

"ಭಾವ, ಒಳಗಿನ ರಬ್ಬರ್ ತುಂಡು ಬಿಟ್ಟೇಹೋಯ್ತು ನೋಡಿ."

ಭಾವ ಅವನ ಉಬ್ಬಿದ ಜೇಬನ್ನು ನೋಡಿದರು. ನೋಡಿಯೂ ನೋಡದವರಂತೆ ಮತ್ತೆ ತೋಳೇರಿಸಿದರು.