ಟವೆಲ್ಲಿನ ಕೆಳಗೆ ಯಾರ ಕೈ

೧೯೮೧ರಲ್ಲಿ ನಾನು ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಕಲಿಸುತ್ತಿದ್ದೆ. ನನ್ನೂರು ಮಾಲೂರು. ನನ್ನ ನಂತರ ಸೇರಿದ ರಾಯಲ್ಪಾಡಿನ ರಾಮರೆಡ್ಡಿಯ ತರಗತಿಯಲ್ಲಿ ಹುಡುಗರು ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಿದ್ದರು. ನನ್ನ ತರಗತಿಯಲ್ಲಿ ಹಿಂದಿನ ಬೆಂಚುಗಳು ಖಾಲಿ. ಹೋಲಿಸದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಆ ಬೇಸಿಗೆ ನಮ್ಮಿಬ್ಬರಿಗೂ ಒಂದೇ ಕೇಸ್ ಸ್ಟಡಿ ಬಂತು. ಕೇಸ್ ಸ್ಟಡಿ ಎಂದರೆ ತರಗತಿಯ ಚರ್ಚೆಗೆಂದು ಬರೆಯುವ, ನಿಜವಾಗಿ ನಡೆದ ವ್ಯಾಪಾರದ ಸಮಸ್ಯೆ. ಕೊಲ್ಲಿ ದೇಶಗಳಿಗೆ ಮಾವು ಕಳಿಸುವ ರಫ್ತುದಾರನೊಬ್ಬ ಹೆಚ್ಚು ಬೆಲೆ ಕೊಡುತ್ತೇನೆಂದರೂ ಶ್ರೀನಿವಾಸಪುರದಲ್ಲಿ ಅವನಿಗೆ ಒಳ್ಳೆಯ ಹಣ್ಣು ಸಿಗುತ್ತಿರಲಿಲ್ಲ. ಏಕೆ? ಚೆನ್ನಾಗಿ ಬರೆದವರಿಗೆ ವಿದೇಶದ ಸಮ್ಮೇಳನ. ನಾನು ಅದುವರೆಗೆ ವಿಮಾನ ಹತ್ತಿರಲಿಲ್ಲ.

ಇಬ್ಬರೂ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದೆವು. ಆ ಸಗಟು ಮಾರುಕಟ್ಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೊಳ್ಳುವವನು ಮಾರುವವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳುಗಳೇ ಬೆಲೆ. ವ್ಯಾಪಾರಿ ಬಾಬಾಜಾನ್ ಸಾಹೇಬರ ಪಕ್ಕ ನಿಂತು ನಾನು ನೋಟ್‌ಬುಕ್ ತುಂಬಿಸುತ್ತಿದ್ದೆ.

"ಬರ್ಕೊಂಡ್ರೆ ಏನ್ ಸಿಗ್ತದೆ ಸಾರ್? ಕೈ ಕೊಡಿ ಇಲ್ಲಿ," ಎಂದರು.

ಮಾವಿನ ಸೊನೆ ಅಂಟಿದ ಟವೆಲ್. ನನ್ನದು ಬಿಳಿ ಶರ್ಟು. ಬೇಡವೆಂದೆ. ರೆಡ್ಡಿ ಶರ್ಟಿನ ತೋಳು ಮಡಚಿ, "ಪಟ್ಟುಕೋ ಸಾಯಿಬೂ, ನಾ ಚೇಯಿ ಪಟ್ಟುಕೋ," ನನ್ನ ಕೈ ಹಿಡಿ ಎಂದು ತೆಲುಗಿನಲ್ಲೇ ಹೇಳಿ, ಟವೆಲ್ಲಿನ ಕೆಳಗೆ ಕೈ ತೂರಿಸಿದ. ಸುತ್ತ ನಿಂತ ರೈತರು ನಕ್ಕರು.

ಟವೆಲ್ಲಿನೊಳಗೆ ಕೈಯಿಟ್ಟ ರೆಡ್ಡಿಗೆ ಮಾತ್ರ ತಿಳಿದದ್ದು ಇದು. ಬೆರಳು ಬಿಟ್ಟ ಮೇಲೆ ಸಾಹೇಬರು ಅಂಗೈಯನ್ನು ಒಮ್ಮೆ ಒತ್ತುತ್ತಿದ್ದರಂತೆ: ಮುಂದಿನ ವರ್ಷವೂ ನಿನ್ನ ತೋಪು ನನ್ನದೇ, ಫಸಲು ಕೆಟ್ಟರೂ ಸರಿ ಎಂದು ಅದರ ಅರ್ಥ. ರಫ್ತುದಾರನ ಬಳಿ ಬೆಲೆಯಿತ್ತು, ಆ ಒತ್ತು ಇರಲಿಲ್ಲ. ರೆಡ್ಡಿಯ ಕೇಸ್ ಈ ಒಂದು ಮಾತಿನ ಮೇಲೆ ನಿಂತಿತ್ತು. ನನ್ನದರಲ್ಲಿ ಹನ್ನೊಂದು ಕೋಷ್ಟಕಗಳಿದ್ದವು. ರೆಡ್ಡಿ ವಿಮಾನ ಹತ್ತಿದ. ನಾನು ಹಾರ ಹಾಕಿ ಬೀಳ್ಕೊಟ್ಟೆ. ಆ ವಾರ ನನಗೆ ಊಟ ಸೇರಲಿಲ್ಲ.

ಆಮೇಲೆ ಪ್ರತಿ ವರ್ಷ ಆ ಪಾಠ ಮಾಡಿದೆ. ಮೊದಲು "ನನ್ನ ಸಹೋದ್ಯೋಗಿ ಟವೆಲ್ಲಿನ ಕೆಳಗೆ ಕೈ ಕೊಟ್ಟ" ಎನ್ನುತ್ತಿದ್ದೆ. ನಂತರ "ನಾವು". "ನಾನು" ಆದದ್ದು ಯಾವ ವರ್ಷವೋ ತಿಳಿಯದು.

೧೯೮೮ರಲ್ಲಿ ಕೋಲಾರದ ತರಬೇತಿ ಶಿಬಿರವೊಂದರಲ್ಲಿ ಅದನ್ನೇ ಹೇಳುತ್ತಿದ್ದಾಗ ಕೊನೆಯ ಸಾಲಿನಲ್ಲಿ ರೆಡ್ಡಿ ಕೂತಿದ್ದ. ಬಂದದ್ದು ನನಗೆ ಗೊತ್ತಿರಲಿಲ್ಲ. ಅವನು ಎದ್ದು ತಿದ್ದಲಿಲ್ಲ. ಟೀ ಕುಡಿಯುವಾಗ ಭುಜ ತಟ್ಟಿ ಕೇಳಿದ:

"ಲೇ, ಸಾಹೇಬ್ರು ನಿಂಗೆ ಎಷ್ಟು ಬೆರಳು ಹಿಡಿದ್ರೋ?"

"ಮೂರು," ಎಂದೆ. ತಡವರಿಸಲೂ ಇಲ್ಲ.

"ನಂಗೂ ಮೂರೇ ಕಣೋ," ಎಂದು ನಕ್ಕು, ನನ್ನ ಲೋಟವನ್ನೂ ತೊಳೆಯಲು ಒಯ್ದ.

ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ: "ರೆಡ್ಡಿ ಕೈ ಕೊಟ್ಟ. ನಾನು ಕೊಡಲಿಲ್ಲ."

ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಬರೆದಿಡಿ ಎಂದು ಅಂದಿನಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ. ವೃತ್ತಿ ನನಗೆ ಕಲಿಸಿದ್ದು ಅಷ್ಟೇ. ಆದರೂ ಈ ಸಾಲು ಬರೆಯುವಾಗ ನನ್ನ ಬಲಗೈಯ ಮೂರು ಬೆರಳುಗಳಿಗೆ ಸಾಹೇಬರ ಹಿಡಿತ ನೆನಪಿದೆ. ಅಂಗೈಗೆ ಮಾತ್ರ ಏನೂ ನೆನಪಿಲ್ಲ.