ಕೂಸಿಗೆ ಎರೆಯಲು ಕಲಿತದ್ದು

ಎರಡು ಕೈಮಗ್ಗದ ಸೀರೆ, ಒಂದು ಕುಪ್ಪಸದ ಖಣ, ಮೇಲೆ ಐದು ಸೇರು ಬಿಳಿಜೋಳ. ಕೂಸಿಗೆ ನೀರು ಎರೆಯುವುದನ್ನು ಕಲಿಯಲು ನಾನು ಕೊಟ್ಟ ಬೆಲೆ ಇದು. ಎರೆಸಲು ಅಲ್ಲ, ಕಲಿಯಲು. ಬರೀ ಎರೆಸುವುದಾಗಿದ್ದರೆ ಒಂದು ಸೀರೆಗೆ ಮುಗಿಯುತ್ತಿತ್ತು. ಗಂಡಸಿಗೆ ಕಲಿಸುವುದಕ್ಕೆ ದರ ಬೇರೆ.

ಎಪ್ಪತ್ತರ ದಶಕದ ನಡುವಿನ ಮಾತು. ರಾಮದುರ್ಗದ ನೇಕಾರರ ಹತ್ತಿರ ಸೀರೆ ಕೊಂಡು, ಗಂಟು ಹೊತ್ತು, ಸವದತ್ತಿ, ಕಿತ್ತೂರು, ಬೈಲಹೊಂಗಲದ ಸಂತೆಗಳಲ್ಲಿ ಕೂತು ಮಾರುತ್ತಿದ್ದೆ. ಮನೆ ಬೈಲಹೊಂಗಲದಲ್ಲಿ. ಹೆಂಡತಿ ದೊಡವಾಡದ ಸಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಹುಡುಗಿಯಾಗಿದ್ದಾಗ ಹೂಲಿಯಿಂದ ಸವದತ್ತಿಗೆ ನಡೆದು ಓದಿ ಗಳಿಸಿದ ನೌಕರಿ ಅದು.

ಮಗಳು ಹುಟ್ಟಿ ಐದು ತಿಂಗಳಾಗಿತ್ತು. ಹೆಂಡತಿಯ ರಜೆ ಮುಗಿಯುತ್ತ ಬಂದಿತ್ತು. ದಿನಾ ಬಂದು ಎರೆಯುತ್ತಿದ್ದ ಓಣಿಯ ಮುದುಕಿ ಅದೇ ಹೊತ್ತಿಗೆ ತನ್ನ ಮಗಳ ಬಾಣಂತನಕ್ಕೆ ಹತ್ತು ದಿನದಲ್ಲಿ ತೊರಗಲ್ಲಿಗೆ ಹೊರಡುವವಳಿದ್ದಳು. ಬೇರೆ ಯಾರೂ ಸಿಗಲಿಲ್ಲ. ನನ್ನ ಅವ್ವನ ಮುಂಗೈ ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ತೊಟ್ಟಿಲು ತೂಗಬಲ್ಲಳು, ನೀರಿನ ತಂಬಿಗೆ ಎತ್ತಲಾರಳು. ಹೆಂಡತಿಯ ಬಸ್ಸು ಬೆಳಿಗ್ಗೆ ಏಳಕ್ಕೆ. ಬಿಸಿಲೇರುವ ಮೊದಲೂ ಬೇಡ, ಬಿಸಿಲಿಳಿದ ಮೇಲೂ ಬೇಡ ಎಂಬುದು ಕೂಸಿನ ನೀರಿನ ವಿಷಯದಲ್ಲಿ ಅವ್ವನ ಕಟ್ಟಳೆ.

"ನಾ ನೌಕರಿ ಬಿಡ್ತೇನ್ರಿ" ಎಂದಳು ಹೆಂಡತಿ, ಅಕ್ಕಿ ಆರಿಸುತ್ತ, ತಲೆ ಎತ್ತದೆ.

ಸಂತೆ ಕೂಡುವುದು ಹನ್ನೊಂದಕ್ಕೆ. ಬೆಳಗಿನ ಹೊತ್ತು ನನ್ನದೇ. ನಾನು ಮುದುಕಿಯ ಹತ್ತಿರ ಹೋದೆ.

"ಆಯಿ, ನನಗ ಎರಿಯೋದು ಕಲಿಸು."

"ಅಯ್ಯ ತಮ್ಮಾ, ಈ ಮೀಸಿ ಇಟ್ಕೊಂಡು ಕೂಸಿಗೆ ಎರೀತೀಯೇನು?"

"ಒಂದು ಸೀರಿ ಕೊಡತೇನಿ."

"ಒಂದು ಕಲಿಸೋದಕ್ಕಾತು. ಇನ್ನೊಂದು ಬಾಯಿ ಮುಚ್ಕೊಂಡಿರೋದಕ್ಕ."

"ಬಾಯಿ ಮುಚ್ಚಾಕ ಒಂದು ಖಣ ಸಾಕು ಬಿಡು."

"ಖಣ ಮ್ಯಾಲಿರಲಿ. ಜ್ವಾಳ ಎಷ್ಟು ಕೊಡ್ತಿ ಹೇಳು."

ಸಂತೆಯಲ್ಲಿ ಎಂಥೆಂಥವರನ್ನೋ ಬಗ್ಗಿಸಿದವನು ಅವಳ ಕಟ್ಟೆಯ ಮೇಲೆ ಸೋತು ಎದ್ದೆ.

ಎಂಟು ದಿನ ಕಲಿಸಿದಳು. ಮಣೆಯ ಮೇಲೆ ಕೂತು, ಧೋತರ ತೊಡೆಗೆ ಏರಿಸಿ, ಕಾಲು ಚಾಚಿ ಜೋಡಿಸಿ, ಮುಂಗಾಲಿನ ಮೇಲೆ ಕೂಸನ್ನು ಬೋರಲು ಹಾಕಬೇಕು. ಉಗುರು ಬೆಚ್ಚಗಿನ ಕುಸುಬಿ ಎಣ್ಣೆ, ಆಮೇಲೆ ಕಡಲೆಹಿಟ್ಟು, ಆಮೇಲೆ ನೀರು. "ಸೀರಿ ಮಡಚಿದಂಗ ಕೈಕಾಲು ಮಡಚಬ್ಯಾಡೋ!" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ಎಂಟನೆಯ ದಿನ ಮಗಳು ನನ್ನ ಕಾಲ ಮೇಲೆಯೇ ನಿದ್ದೆ ಹೋದಳು. ಮುದುಕಿ ಜೋಳದ ಚೀಲ ಎತ್ತಿಕೊಂಡು ಹೋದಳು.

ಹೆಂಡತಿ ಸಾಲೆಗೆ ಹೋದ ಮೊದಲ ದಿನ ನಾನೊಂದು ದಡ್ಡತನ ಮಾಡಿದೆ. ಯಾರೂ ನೋಡಬಾರದೆಂದು ಮುಂದಿನ ಬಾಗಿಲು ಹಾಕಿದೆ, ಹಿತ್ತಲ ಬಾಗಿಲು ಹಾಕಿದೆ, ಬಚ್ಚಲ ಕಿಂಡಿಗೆ ಗೋಣಿಚೀಲ ತುರುಕಿದೆ. ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಉರಿಯುತ್ತಿತ್ತು. ಎರೆದ ಮೇಲೆ ಕೂಸಿಗೆ ಹೊಗೆ ಹಿಡಿಯಲು ಬೇಕಾದ ಲೋಬಾನವನ್ನು ಮೊದಲೇ ಕೆಂಡಕ್ಕೆ ಹಾಕಿ ಸಿದ್ಧಮಾಡಿಕೊಂಡಿದ್ದೆ. ಎರಡು ತಂಬಿಗೆ ಸುರಿಯುವುದರೊಳಗೆ ನನ್ನ ಕೈ ನನಗೇ ಕಾಣದಾಯಿತು. ಮಗಳು ಕೆಮ್ಮಿದಳು, ಚೀರಿದಳು. ಅವ್ವ ಬಾಗಿಲ ಅಗಳಿ ತೆಗೆಯಲಾರದೆ ಒಳಗಿನಿಂದಲೇ ಕೂಗಿದಳು. ಹಂಚಿನ ಸಂದಿಯಿಂದ ಹೊಗೆ ಏಳುವುದನ್ನು ಕಂಡ ಓಣಿಯವರು ಬಾಗಿಲು ಒದ್ದು ಒಳಗೆ ಬಂದರು. ಒಬ್ಬರು ಕೊಡ ನೀರು ತಂದು ಒಲೆಗೆ ಸುರಿದೇಬಿಟ್ಟರು. ಹೊಗೆ ತಿಳಿಯಾದಾಗ ಅವರಿಗೆ ಕಂಡದ್ದು ತೊಡೆಯವರೆಗೆ ಧೋತರ ಎತ್ತಿಕೊಂಡು, ಹಿಟ್ಟು ಮೆತ್ತಿದ ಕೂಸನ್ನು ಎದೆಗವಚಿಕೊಂಡು ಕೂತ ನಾನು.

"ಅಯ್ಯ ಶಿವನ! ಸೀರಿ ಸಾವ್ಕಾರ್ರು ಬಾಣಂತನ ಮಾಡಾಕ ಹತ್ಯಾರ!"

ಮಗಳಿಗೆ ಏನೂ ಆಗಿರಲಿಲ್ಲ. ಸಂಜೆ ಬಸ್ಸಿಳಿದ ಹೆಂಡತಿಗೆ ಸುದ್ದಿ ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. ಮಗಳನ್ನು ಎತ್ತಿಕೊಂಡು ಮೈಯೆಲ್ಲ ತಡವಿ ನೋಡಿದಳು.

"ಸಾಕ್ರಿ ಇನ್ನ. ಮಂದಿ ನಗಾಕ ಹತ್ತಿದ್ರ ನಿಮ್ಮ ಸೀರಿ ಯಾರು ತಗೋತಾರ? ನಾಳಿಗೆ ರಾಜೀನಾಮಿ ಕೊಡ್ತೇನಿ."

ಒಂದು ಗಳಿಗೆ ನನಗೂ ಹೂಂ ಅನ್ನಬೇಕೆನಿಸಿತು. ಸುಳ್ಳು ಹೇಳಲಾರೆ. ಆದರೆ ಕಣ್ಣೊರೆಸಿಕೊಳ್ಳುತ್ತಲೇ ಅವಳು ಮರುದಿನದ ಪಾಠದ ಟಿಪ್ಪಣಿ ಬರೆಯುತ್ತಿದ್ದಳು. ರಾಜೀನಾಮೆ ಕೊಡುವವರು ಟಿಪ್ಪಣಿ ಬರೆಯುವುದಿಲ್ಲ.

"ಕೂಸು ಅತ್ತಿದ್ದು ನನ್ನ ಕೈಯಿಂದಲ್ಲ, ನಾ ಬಾಗಲಾ ಹಾಕಿದ್ದಕ್ಕ" ಎಂದೆ. "ನೀ ಏಳರ ಬಸ್ಸಿಗೆ ಹೋಗು."

ಮರುದಿನ ಮಣೆಯನ್ನು ಅಂಗಳಕ್ಕೇ ಎಳೆದು, ಬಿಸಿಲಿನಲ್ಲಿ ಕಾಲು ಚಾಚಿ ಕೂತೆ. ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು.

"ಕುತಿಗಿ ಹಿಡೀರಿ, ಕುತಿಗಿ!"

"ಕಿವ್ಯಾಗ ನೀರು ಹೊಕ್ಕೀತ್ರಿ!"

ನಾಲ್ಕು ದಿನ ನಕ್ಕರು. ಐದನೆಯ ದಿನ ನಗಲು ಹೊಸದೇನೂ ಉಳಿದಿರಲಿಲ್ಲ. ಸವದತ್ತಿ ಸಂತೆಯಲ್ಲಿ ಸೀರೆಯನ್ನು ಮೂಸಿ ನೋಡಿದ ಒಬ್ಬ ಹೆಣ್ಣುಮಗಳು, "ಲೋಬಾನದ ವಾಸನಿ ಬರ್ತೈತಿ. ಎರೆಯೋ ಸಾವ್ಕಾರ್ರು ನೀವೇನು? ನಮ್ಮ ಮನಿಯವರಿಗೂ ಒಂದೀಟು ಹೇಳ್ರಲ್ಲ" ಎಂದಳು. ಎರಡು ಸೀರೆ ಕೊಂಡಳು, ಚೌಕಾಸಿ ಇಲ್ಲದೆ.

ಎರೆಯುವುದು ನನ್ನದು, ಮಲಗಿಸುವುದು ಅವ್ವನದು, ಸಂಜೆ ಕೂಸಿನ ಅರಿವೆ ಒಗೆಯುವುದು ಹೆಂಡತಿಯದು ಎಂದಾಯಿತು. ಮುಂದೆ ಹುಟ್ಟಿದ ಇಬ್ಬರಿಗೂ ಹಾಗೆಯೇ ನಡೆಯಿತು. ಅವಳು ಹೆಡ್‌ಮಾಸ್ತರಾಗಿಯೇ ನಿವೃತ್ತಳಾದಳು. ಈಗಲೂ ಬಿಸಿಲಿಗೆ ಕಾಲು ಚಾಚಿ ಕೂತರೆ, ಆ ಎಣ್ಣೆಗೈಯ ಜಾರಿಕೆ ನೆನಪಾಗಿ, ಬೆಚ್ಚಗಿನ ಆ ಪುಟ್ಟ ಭಾರ ಮುಂಗಾಲಿನ ಮೇಲೆ ಬಂದು ಕೂತಂತಾಗುತ್ತದೆ.

ನೀವು ಹೊಸದಾಗಿ ಎರೆಯುವವರಿದ್ದರೆ ಕೇಳಿ. ದುಡಿದು ಗಟ್ಟಿಯಾದ ಅಂಗೈಯನ್ನು ನಂಬಬೇಡಿ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿ. ಒರೆಸುವ ಅರಿವೆಯನ್ನು ಮೊದಲೇ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಹೊಗೆ ಹಾಕುವ ಗೊಡವೆಗೇ ಹೋಗಬೇಡಿ. ಗಂಡ ಹೆಂಡಿರಲ್ಲಿ ಯಾರು ಮನೆಯಿಂದ ತಡವಾಗಿ ಹೊರಡುತ್ತಾರೋ ಅವರೇ ಎರೆಯಲಿ. ಜಗಳವಿಲ್ಲದ ಲೆಕ್ಕ ಅದೊಂದೇ.