ಮುಚ್ಚದ ಕಣ್ಣಿಗೊಂದು ಕಿಟಕಿ

ಅಪ್ಪನ ಬಲಗಣ್ಣು ಮುಚ್ಚುವುದನ್ನು ನಿಲ್ಲಿಸಿದ್ದು ಒಂದು ದೀಪಾವಳಿಯ ಬೆಳಿಗ್ಗೆ. ಎಪ್ಪತ್ತರ ದಶಕದ ಕೊನೆ. ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಅಪ್ಪನ ಬಾಯಿಂದ ನೀರೆಲ್ಲ ಒಂದೇ ಪಕ್ಕದಲ್ಲಿ ಸೋರಿಹೋಯಿತು. "ಲೇ, ನನ್ ಮುಖ ಏನಾಯ್ತು ನೋಡೇ" ಎಂದು ಕೂಗಿದ. ಓಡಿಹೋಗಿ ನೋಡಿದೆ. ಎಡಗಡೆ ನಮ್ಮಪ್ಪನೇ ಇದ್ದ, ಬಲಗಡೆ ಯಾರೋ ಬೇರೆಯವರು. ಕೆನ್ನೆ ಜೋತುಬಿದ್ದಿತ್ತು, ಕಣ್ಣು ಬಿಟ್ಟದ್ದು ಬಿಟ್ಟ ಹಾಗೇ ಇತ್ತು.

ಕಡೂರಿನ ಡಾಕ್ಟರು ಮುಖದ ನರ ಸೋತಿದೆ, ಸರಿಹೋಗಲು ತಿಂಗಳುಗಟ್ಟಲೆ ಬೇಕು ಎಂದರು. ಮುಖಕ್ಕಿಂತ ಅವರಿಗೆ ಕಣ್ಣಿನದೇ ಚಿಂತೆ. ರೆಪ್ಪೆ ಬಡಿಯದ ಕಣ್ಣು ಒಣಗುತ್ತದೆ, ಒಣಗಿದ ಕಣ್ಣಿಗೆ ಬರಿಯ ಗಾಳಿಯೂ ಗಾಯ ಮಾಡುತ್ತದೆ. ಅಜ್ಜಿ ನಂದಿಬಟ್ಟಲ ಹೂವಿನ ರಸ ಬಿಡುತ್ತೇನೆ ಎಂದದ್ದಕ್ಕೆ ಡಾಕ್ಟರು ಅಜ್ಜಿಯನ್ನೇ ಗದರಿ, ಹಚ್ಚಲು ಒಂದು ಮುಲಾಮು ಕೊಟ್ಟರು. ಆದರೂ ಕಾರ್ತೀಕದಲ್ಲಿ ಆ ಕಣ್ಣಿನಲ್ಲಿ ಒಂದು ಹುಣ್ಣಾಗಿ, ಹದಿನೈದು ದಿನ ಅಪ್ಪ ನರಳಿ, ಅಂತೂ ಮಾಯಿತು. "ಇನ್ನೊಂದ್ಸಲ ಹುಣ್ಣಾದ್ರೆ ಈ ಕಣ್ಣಿನ ಆಸೆ ಬಿಟ್ಬಿಡಿ. ಗಾಳಿ, ದೂಳು ಎರಡೂ ತಾಗಕೂಡದು" ಎಂದು ಡಾಕ್ಟರು ಖಡಾಖಂಡಿತ ಹೇಳಿದರು.

ಹೇಳಿದ್ದು ಯಾರಿಗೆ? ರಾಗಿ ತೂರುವವನಿಗೆ! ಸಿಂಗಟಗೆರೆಗೂ ಹಿರೇನಲ್ಲೂರಿಗೂ ನಡುವಿನ ನಮ್ಮೂರಿನಲ್ಲಿ ನಾಲ್ಕು ಮನೆಗೆ ಒಂದು ಕಣ, ಆ ಕಣಕ್ಕೆಲ್ಲ ತೂರುವವನು ನಮ್ಮಪ್ಪ ಒಬ್ಬನೇ. ಎತ್ತು ಕಟ್ಟಿ ಕಲ್ಲಿನ ಗುಂಡು ಹೊಡೆದು ತೆನೆ ಉದುರಿಸಿದ ಮೇಲೆ ಮೂಡಗಾಳಿಗೆ ಕಾಯಬೇಕು. ಗಾಳಿ ಎದ್ದರೆ ಮೂರು ಕಾಲಿನ ಮೇಲೆ ನಿಂತ ಎತ್ತರದ ಅಟ್ಟಣೆ ಹತ್ತಿ, ಕೆಳಗಿನವರು ಎತ್ತಿಕೊಟ್ಟ ಮೊರವನ್ನು ಗಾಳಿಗೆ ಓರೆ ಹಿಡಿದು ಸುರಿಯಬೇಕು. ಕಾಳು ಬುಡಕ್ಕೆ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಉಳಿದವರು ತೂರಿದರೆ ಕಾಳೂ ಹೊಟ್ಟಿನ ಜೊತೆ ಹೊರಟುಬಿಡುತ್ತಿತ್ತು. ಅಪ್ಪ ಮಾತ್ರ ಗಾಳಿ ಸ್ವಲ್ಪ ತಿರುಗಿದರೂ ಮಣಿಕಟ್ಟಿನಲ್ಲೇ ತಿಳಿದುಕೊಳ್ಳುತ್ತಿದ್ದ.

ಮುಖ ಸೊಟ್ಟಗಾದ ಮೇಲೆ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು. ಸಂಕ್ರಾಂತಿ ಕಳೆದು ಕಣದಲ್ಲಿ ಗುಂಡಿನ ಸದ್ದು ಕೇಳಿದ ದಿನ ಎದ್ದು ಕೂತ. "ಗಾಳಿ ಏಳ್ಲಿ, ಹತ್ತೇ ಹತ್ತೀನಿ" ಎಂದ. ಅವ್ವ ಅತ್ತಳು. ಅಜ್ಜಿ ಬೈದಳು. "ಕಣ್ಣು ಹೋದ್ರೆ ಹೋಗ್ಲಿ ಬಿಡು, ಇನ್ನೊಂದೈತಲ್ಲ" ಎಂದುಬಿಟ್ಟ ಮಹಾರಾಯ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಎಷ್ಟೋ ದಿನದ ಮೇಲೆ ಅಪ್ಪನ ಧ್ವನಿಯಲ್ಲಿ ಜೀವ ಬಂದಿತ್ತು, ಅದನ್ನು ಮತ್ತೆ ಗೋಡೆಯ ಕಡೆ ತಿರುಗಿಸಲೂ ಮನಸ್ಸಾಗಲಿಲ್ಲ. "ಹತ್ತಪ್ಪಾ, ಯಾರು ಬೇಡಾಂದ್ರು? ಆದ್ರೆ ನಾನು ಮಾಡಿಕೊಟ್ಟಿದ್ದು ಕಣ್ಣಿಗೆ ಹಾಕ್ಕೊಂಡೇ ಹತ್ತಬೇಕು" ಎಂದೆ. ಏನು ಮಾಡಿಕೊಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಅವತ್ತಿನಿಂದ ನನಗೆ ಊಟ ನಿದ್ದೆ ಯಾವುದೂ ಬೇಡವಾಯಿತು. ಮೊದಲು ಒದ್ದೆ ಪಂಚೆಯ ಪಟ್ಟಿ. ಪರೀಕ್ಷೆ ಅಪ್ಪನ ಕಣ್ಣಿನ ಮೇಲಲ್ಲ, ನನ್ನ ಕಣ್ಣಿನ ಮೇಲೆ, ಪರೀಕ್ಷಕಿ ಅಜ್ಜಿ. ನಾನು ಹಿತ್ತಲಲ್ಲಿ ಕೂರುವುದು, ಅಜ್ಜಿ ಒಂದು ಮೊರ ಹೊಟ್ಟು ತಂದು ನನ್ನ ಮುಖಕ್ಕೆ ಕೇರುವುದು. "ತಡ್ಕಳೇ, ತಡ್ಕಳೇ!" ಎನ್ನುತ್ತಾ ಅವಳು ಎಂಥ ಉಮೇದಿನಿಂದ ಕೇರುತ್ತಿದ್ದಳು ಎಂದರೆ, ಯಾವ ಹಳೆಯ ಸೇಡು ತೀರಿಸಿಕೊಳ್ಳುತ್ತಿದ್ದಾಳೋ ಎಂದು ನನಗೇ ಅನುಮಾನ ಬಂತು. ಬಟ್ಟೆ ಕಾಲು ಗಂಟೆಯಲ್ಲಿ ಒಣಗಿ, ಕಣ್ಣಿನ ಗುಡ್ಡೆಗೇ ಉಜ್ಜತೊಡಗಿತು. ಕಡೂರಿನ ಸಂತೆಯ ತಂಪು ಕನ್ನಡಕ ತಂದೆ. ಮುಂದೆ ಭೇಷ್, ಆದರೆ ಹೊಟ್ಟೆಲ್ಲ ಪಕ್ಕದಿಂದ ನುಗ್ಗಿತು. ಬಿಸ್ಕತ್ತಿನ ಪೊಟ್ಟಣದ ಜರಿ ಕಾಗದ ಅಂಟಿಸಿದೆ. ಅದು ಚರಪರ ಸದ್ದು ಮಾಡಿತೇ ಹೊರತು ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ಒಂದು ವಿಷಯ ಹೊಳೆದಿತ್ತು. ಕಣ್ಣಿಗೆ ಏನೂ ಮುಟ್ಟಬಾರದು, ಮುಂದೆ ಕಿಟಕಿ ಬೇಕು, ಸುತ್ತ ಗೋಡೆ ಬೇಕು. ಕಣ್ಣಿನ ತೇವ ಒಳಗೇ ಉಳಿಯಬೇಕು, ಹೊರಗಿನ ಗಾಳಿ ಹೊರಗೇ ನಿಲ್ಲಬೇಕು. ಈಗ ಹೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಅವತ್ತು ಮಾತ್ರ ಅಡುಗೆಮನೆಯಲ್ಲಿ ಕುಣಿದಾಡಿಬಿಟ್ಟಿದ್ದೆ.

ಕಿಟಕಿ ಸಿಕ್ಕಿದ್ದು ತರೀಕೆರೆಯಲ್ಲಿ. ಅಲ್ಲಿ ನನ್ನ ಸೋದರಮಾವ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರಾಗಿದ್ದ. ಬಿಸಾಡಲು ಇಟ್ಟಿದ್ದ ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ಕೊಟ್ಟ. ಅದರಲ್ಲಿ ಯಾರದೋ ಪಕ್ಕೆಲುಬು! ಬಟ್ಟೆ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿದರೆ ಕಪ್ಪೆಲ್ಲ ಬಿಟ್ಟುಕೊಂಡಿತು. ಪಕ್ಕೆಲುಬಿನ ಮನುಷ್ಯ ನೀರಿನಲ್ಲಿ ಕರಗಿಹೋಗಿ, ಕೈಯಲ್ಲಿ ತಿಳಿನೀಲಿಯ ಹಾಳೆ ಉಳಿಯಿತು. ಅದನ್ನು ಕಣ್ಣಿಗೆ ಹಿಡಿದು ನೋಡಿದೆ. ತರೀಕೆರೆಯ ಬಸ್ ಸ್ಟ್ಯಾಂಡು ಅದರಾಚೆ ಸ್ಪಷ್ಟವಾಗಿ ಕಾಣುತ್ತಿತ್ತು!

ಗೋಡೆಗೆ ಅಜ್ಜಂಪುರ. ಅಲ್ಲಿ ಚಿಕ್ಕವ್ವನ ಮನೆಯ ಬೀದಿಯ ಕೊನೆಗೆ ಚಪ್ಪಲಿ ಹೊಲಿಯುವ ಮುದುಕರೊಬ್ಬರು ಕೂರುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಮೂರು ಬೆರಳಿನಿಂದ ನನ್ನ ಕಣ್ಣಿನ ಸುತ್ತಳತೆ ತೆಗೆದುಕೊಂಡು, "ನಿಮ್ಮಪ್ಪಂದು ಇನ್ನೊಂದು ನೂಲು ದೊಡ್ಡದಿರ್ತದೆ ತಾಯಿ, ನಾಳೆ ಬಾ" ಎಂದರು. ಮರುದಿನ ಹೋದರೆ ಆಹಾ! ಹತ್ತಿಯಷ್ಟು ಮೆತ್ತಗಿನ ತೊಗಲಿನ ಬಟ್ಟಲು, ಅದಕ್ಕೆ ಹೊಲಿದ ನನ್ನ ಕಿಟಕಿ, ತಲೆಗೆ ಕಟ್ಟಲು ವಾರು. ಹೊಲಿಗೆ ಎಲ್ಲಿ ಶುರು ಎಲ್ಲಿ ಕೊನೆ ಎಂದು ಹುಡುಕಿದರೂ ಕಾಣದು. ಬೇಡಬೇಡವೆಂದರೂ ದುಡ್ಡು ಕೈಗಿಟ್ಟು ಬಸ್ಸಿಗೆ ಓಡಿದೆ.

ಬೀರೂರು ದಾಟುವಾಗ ಕಿಟಕಿಯಾಚೆ ನೋಡಿದರೆ ತೆಂಗಿನ ಗರಿಗಳೆಲ್ಲ ಪಡುವಣಕ್ಕೆ ಬಾಗಿವೆ. ಮೂಡಗಾಳಿ ಎದ್ದುಬಿಟ್ಟಿದೆ! ಕಡೂರಿನಲ್ಲಿ ಬಸ್ಸು ಬದಲಾಯಿಸಿ, ಊರ ಗೇಟಿನಲ್ಲಿ ಇಳಿದವಳೇ ಲಂಗ ಎತ್ತಿಕಟ್ಟಿ ಹೊಲಗಳ ಬದುವಿನ ಮೇಲೆ ಓಡಿದೆ. ಅಪ್ಪ ಅಟ್ಟಣೆಯ ಬುಡದಲ್ಲಿ ತಲೆಗೆ ಟವೆಲು ಸುತ್ತುತ್ತಿದ್ದ. "ಅಪ್ಪಾ, ಹತ್ತಬ್ಯಾಡ, ತಂದೀನಿ!" ಎಂದು ಕಿರುಚುತ್ತ, ಅಂಚಿನಲ್ಲಿ ಚಪ್ಪಲಿ ಬಿಟ್ಟು ಕಣಕ್ಕೆ ನುಗ್ಗಿದೆ.

ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಎಡಗಡೆಯ ಅರ್ಧ ಮುಖ ಅರಳಿತು. ಕಣ್ಣಿಗೆ ಇಟ್ಟುಕೊಂಡವನು ಹಾಗೇ ನಿಂತ. ಮೂಗು ಎಳೆದು ವಾಸನೆ ನೋಡಿದ.

"ಇದೇನೇ ಮಗಾ, ತೊಗಲಾ?"

ಅಯ್ಯೋ, ನನ್ನ ಬುದ್ಧಿಗಿಷ್ಟು! ಕಣದೊಳಗೆ ತೊಗಲು ಬರುವಂತಿಲ್ಲ. ರಾಶಿ ಪೂಜೆ ಆಗುವ ತನಕ ಅದು ದೇವರ ಮನೆಯಿದ್ದ ಹಾಗೆ. ಬರುವವರಿಗೆಲ್ಲ "ಚಪ್ಪಲಿ ಅಲ್ಲೇ ಬಿಡ್ರೀ" ಎಂದು ಚಿಕ್ಕಂದಿನಿಂದ ಕೂಗುತ್ತಿದ್ದವಳು ನಾನೇ, ಈಗ ತಾನೆ ನನ್ನ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದವಳೂ ನಾನೇ. ಕಾಲಿನದಷ್ಟೇ ತೊಗಲು, ಮುಖದ್ದಲ್ಲ ಎಂದು ಯಾವ ದೇವರು ನನಗೆ ಹೇಳಿದ್ದನೋ! ಅಪ್ಪ ಕಣದ ಹೊರಗೆ ಹೋಗಿ ಅದನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು ಬಂದ. "ಬ್ಯಾಸರ ಮಾಡ್ಕಬ್ಯಾಡ ಕಣೇ, ನಿಂದೇನೂ ತಪ್ಪಿಲ್ಲ. ಗಾಳಿ ನಿಂತ್ರೆ ಮತ್ತೆ ಯಾವತ್ತೋ" ಎನ್ನುತ್ತ ಬರಿಗಣ್ಣಿನಲ್ಲೇ ಅಟ್ಟಣೆಗೆ ಕಾಲಿಟ್ಟ.

ಆ ಅಜ್ಜಂಪುರದ ಹೊಲಿಗೆಯಲ್ಲಿ ಯಾವ ದೋಷವಿತ್ತು ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಅವತ್ತು ಜಗಳಕ್ಕೆ ಹೊತ್ತಿರಲಿಲ್ಲ. ಅಪ್ಪನ ಪಂಚೆ ಹಿಡಿದು ಕೆಳಗೆ ಎಳೆದೆ. "ಹತ್ತಿದ್ರೆ ನಾನು ರಾಶಿ ಮೇಲೇ ಮಲಗ್ತೀನಿ, ನನ್ ಮೇಲೇ ತೂರು!" ಎಂದೆ. ಕಣದಲ್ಲಿದ್ದ ಉಳಿದ ಮೂರು ಮನೆಯವರೂ ಗೊಳ್ಳೆಂದರು. ನಗುವವರು ನಗಲಿ ಎಂದು ಕಣದಾಚೆ ಓಡಿ, ಕುಡುಗೋಲಿನಿಂದ ಹೊಲಿಗೆ ಬಿಚ್ಚಿ ಹಾಳೆಯನ್ನು ಬೇರೆ ಮಾಡಿದೆ. ಕಿಟಕಿ ಉಳಿಯಿತು, ಗೋಡೆ ಇಲ್ಲ. ಅವ್ವನ ಸೆರಗು ಸುತ್ತಿ ನೋಡಿದೆ, ಜಾರಿತು. ಗೋಣಿಯ ತುಂಡು ಚುಚ್ಚಿತು. ಗಾಳಿ ನನ್ನ ಕಿವಿಯಲ್ಲಿ ಹುಯ್ ಎಂದು ಹುಯ್ಯುತ್ತಲೇ ಇತ್ತು.

ಆಗ ನನ್ನ ಕಣ್ಣು ಅವ್ವ ತಂದಿದ್ದ ಊಟದ ಬುಟ್ಟಿಯ ಮೇಲೆ ಬಿತ್ತು. ಮುದ್ದೆ! ಒಂದು ಮುದ್ದೆ ಎತ್ತಿ, ಕೈಗೆ ನೀರು ಮುಟ್ಟಿಸಿಕೊಂಡು, ಕೋಡುಬಳೆ ಹೊಸೆದ ಹಾಗೆ ಹೊಸೆಯತೊಡಗಿದೆ.

"ಅನ್ನ ಕಣೇ ಅದು! ಮುಖಕ್ಕೆ ಮೆತ್ತೀಯಾ? ಶಿವ ಶಿವಾ!" ಅವ್ವ ಕೈ ಹಿಡಿದುಕೊಂಡಳು.

ನನ್ನ ಕೈಯೂ ನಿಂತಿತು. ಅನ್ನ ತುಳಿದರೆ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಹೊಟ್ಟಿನ ರಾಶಿಯ ಪಕ್ಕದಿಂದ ಸೊಂಟ ಹಿಡಿದುಕೊಂಡು ಎದ್ದಳು.

"ರಾಗಿ ಕಣಕ್ಕೆ ರಾಗಿ ಬರಬಾರ್ದೇನೇ? ಹೊಟ್ಟೆಗೆ ಹಾಕಿದ್ರೂ ಅವನಿಗೇ, ಕಣ್ಣಿಗೆ ಹಾಕಿದ್ರೂ ಅವನಿಗೇ. ಮೆತ್ತೇ ಮಗಳೇ!"

ಮುದ್ದೆಯ ಬಿಸಿಯನ್ನು ನನ್ನ ಕೆನ್ನೆಗೆ ಮುಟ್ಟಿಸಿ ನೋಡಿದೆ. ಉಗುರು ಬೆಚ್ಚಗಿತ್ತು. ಅಪ್ಪನನ್ನು ಕಲ್ಲಿನ ಮೇಲೆ ಕೂರಿಸಿ, ಹುಬ್ಬಿನ ಮೂಳೆಯಿಂದ ಕೆನ್ನೆಯ ಮೂಳೆಯವರೆಗೆ, ಕಣ್ಣಿಗೆ ತಾಗದಂತೆ ಸುತ್ತ ಬೆರಳು ದಪ್ಪ ಮೆತ್ತಿದೆ. ಅದರ ಮೇಲೆ ಹಾಳೆ ಇಟ್ಟು ಒತ್ತಿ, ನನ್ನ ಜಡೆಯ ಟೇಪು ಬಿಚ್ಚಿ ತಲೆಗೆ ಅಡ್ಡ ಕಟ್ಟಿದೆ. ಎಂಥ ಹಿಡಿತ! ಆದರೆ ಒಳಗಿನ ಹಬೆಗೆ ಹಾಳೆಯೆಲ್ಲ ಮಂಜಾಯಿತು. "ಏನೂ ಕಾಣಾಕಿಲ್ಲ ಕಣೇ" ಎಂದ ಅಪ್ಪ. ಅವ್ವನ ಬಳೆಯಲ್ಲಿ ಸದಾ ಒಂದು ಪಿನ್ನು ಇರುತ್ತಿತ್ತು, ಅದನ್ನು ಕಸಿದುಕೊಂಡು, ಗಾಳಿ ಬಾರದ ಕಡೆಯ ಕೆಳಮೂಲೆಯಲ್ಲಿ ಮುದ್ದೆಯೊಳಗೆ ಒಂದು ಸಣ್ಣ ತೂತು ಕೊರೆದೆ. ಮಂಜು ಅಂಚಿನಿಂದ ಸರಿಯುತ್ತಾ ಸರಿಯುತ್ತಾ ಹೋಯಿತು.

"ಕಾಣ್ತೈತೆ," ಎಂದ ಅಪ್ಪ. ಹಾಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ತಣ್ಣಗೈತೆ ಕಣೇ ಒಳಗೆ. ಉರೀನೇ ಇಲ್ಲ!"

ಎದ್ದ, ಹತ್ತಿದ. ಮೊದಲ ಮೊರ ಎತ್ತಿಕೊಟ್ಟವಳು ನಾನೇ. ಓಹ್, ಅದನ್ನು ಹೇಗೆ ಹೇಳಲಿ! ಕಾಳು ಸರ್ರನೆ ಇಳಿಯುತ್ತಿದೆ, ಹೊಟ್ಟು ಬಂಗಾರದ ಬಣ್ಣದಲ್ಲಿ ಪಡುವಣಕ್ಕೆ ಹಾರುತ್ತಿದೆ, ಮುಖದ ಒಂದು ಪಕ್ಕಕ್ಕೆ ಮುದ್ದೆ ಮೆತ್ತಿಕೊಂಡ ನಮ್ಮಪ್ಪ ಆಕಾಶಕ್ಕೆ ಹತ್ತಿರ ನಿಂತು "ಕೊಡ್ರೋ, ಬೇಗ ಕೊಡ್ರೋ" ಎಂದು ಅಬ್ಬರಿಸುತ್ತಿದ್ದಾನೆ. ಗಾಳಿಯೂ ಅವನ ಮಾತು ಕೇಳುತ್ತಿತ್ತು ಎಂದೇ ನನಗನ್ನಿಸಿತು. ಮುದ್ದೆ ಒಣಗಿದಂತೆ ಕಂಡಾಗಲೆಲ್ಲ ಅಪ್ಪನನ್ನು ಬಗ್ಗಿಸಿ ಅದಕ್ಕೆ ಒದ್ದೆ ಬೆರಳು ಸವರಿದೆ. ಖುಷಿಗೋ ದಣಿವಿಗೋ, ನನಗೆ ಅಳು ಬರುತ್ತಿತ್ತು.

ಹೊತ್ತು ಇಳಿಯುವಾಗ ಗಾಳಿ ನಿಂತಿತು. ಅಪ್ಪ ಕೆಳಗಿಳಿದ. ನಾನು ಟೇಪು ಬಿಚ್ಚಿದೆ, ಮುದ್ದೆಯನ್ನು ಒಂದೊಂದೇ ತುಂಡಾಗಿ ಬಿಡಿಸಿದೆ. ಬಲಗಣ್ಣು ಒದ್ದೆಯಾಗಿ, ಬೆಳ್ಳಗೆ, ತಿಳಿಯಾಗಿತ್ತು. ಒಂದು ಕೆಂಪು ಗೆರೆಯಿಲ್ಲ, ಒಂದು ಹೊಟ್ಟಿಲ್ಲ. ನಾನು ಕೂಗಿದ ಕೂಗು ಊರಿಗೆಲ್ಲ ಕೇಳಿರಬೇಕು.

ಆಮೇಲೆ ಎಡಗಣ್ಣು ನೋಡಿದೆವು. ಅದರ ಚಿಂತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಳ್ಳೆಯ ಕಣ್ಣಲ್ಲವೇ, ಅದರ ಪಾಡಿಗೆ ಅದಿರುತ್ತದೆ ಎಂದುಕೊಂಡಿದ್ದೆವು. ಸಂಜೆಯವರೆಗೂ ಹೊಟ್ಟು ಕುಡಿದು, ಉಜ್ಜಿಸಿಕೊಂಡು ಉಜ್ಜಿಸಿಕೊಂಡು, ಅದು ಊದಿ ಪೂರ್ತಿ ಮುಚ್ಚಿಹೋಗಿತ್ತು. ಎರಡು ದಿನ ತೊಳೆದ ಮೇಲೆ ಸರಿಯಾಯಿತೆನ್ನಿ. ಅವತ್ತು ಮಾತ್ರ ಎಷ್ಟು ಪ್ರಯತ್ನಪಟ್ಟರೂ ಬಿಡಲಾಗಲಿಲ್ಲ. ಅವ್ವ ಗಾಬರಿಯಿಂದ ಕೈ ಹಿಡಿಯಲು ಹೋದಳು.

"ಬಿಡೇ, ಹಾದಿ ಕಾಣ್ತೈತೆ" ಎಂದ ಅಪ್ಪ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ತಾನೇ ಬಲಗಣ್ಣಿಗೆ ಅಡ್ಡ ಹಿಡಿದು, ಆ ಒಂದು ಕಣ್ಣಿನಲ್ಲೇ ದಾರಿ ನೋಡುತ್ತ ನಮ್ಮನ್ನೆಲ್ಲ ಹಿಂದೆ ಬಿಟ್ಟು ಮನೆಗೆ ನಡೆದ.